ದೋರ್ದೋನ್ ಹಳ್ಳಿಮನೆಯ ಗೋಡೆಗೆ ಮತ್ತೆ ಸುಣ್ಣ

ಫ್ರಾನ್ಸಿನ ದೋರ್ದೋನ್ ಕಡೆ ಹಳೇ ಕಲ್ಲಿನ ಮನೆಗೆ ಬಣ್ಣ ಹೊಡೆಯಬೇಕೆಂದರೆ ಮೊದಲು ಗೋಡೆಯ ಸಿಮೆಂಟ್ ಗಿಲಾವು ಕೆಡವಬೇಕು. ಗೋಡೆ 50–60 ಸೆಂ.ಮೀ. ದಪ್ಪ. ಎರಡೂ ಮುಖಕ್ಕೆ ಸುಣ್ಣಕಲ್ಲು, ನಡುವೆ ಚೂರುಕಲ್ಲು, ಮಣ್ಣು. ಅಡಿಯಲ್ಲಿ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ನೀರು ಏರುತ್ತದೆ, ಗೋಡೆಯ ಮೈಯಿಂದ ಆರಿಹೋಗುತ್ತದೆ. ಹೊರಗೆ ಸಿಮೆಂಟ್ ಗಿಲಾವು, ಒಳಗೆ ಪ್ಲಾಸ್ಟಿಕ್ ಪೇಂಟು, ಮಣ್ಣಿನ ನೆಲದ ಮೇಲೆ ಕಾಂಕ್ರೀಟು ಬಿದ್ದರೆ ಆ ನೀರಿಗೆ ಉಳಿಯುವ ದಾರಿ ಗೋಡೆಯೊಳಗೇ ಮೇಲಕ್ಕೆ. ಮೊಣಕಾಲಿನ ಮಟ್ಟದಲ್ಲಿದ್ದ ತೇವ ಸೊಂಟದವರೆಗೆ ಬರುತ್ತದೆ, ಪೇಂಟು ಹಪ್ಪಳದ ಹಾಗೆ ಉಬ್ಬುತ್ತದೆ. ಅದರ ಮೇಲೆ ಎಷ್ಟು ದುಬಾರಿ ಪೇಂಟು ಬಳಿದರೂ ದಂಡ.

ಗಿಲಾವನ್ನು ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದ ಕಡೆಯಿಂದ ಕೀಳಲು ಶುರುಮಾಡಿದೆವು. ಕೈ ಉಳಿಯೇ ವಾಸಿ. ಯಂತ್ರದ ಹ್ಯಾಮರ್ ಒತ್ತಿದರೆ ಮೆದು ಸುಣ್ಣಕಲ್ಲಿನ ಅಂಚು ಸಿಮೆಂಟಿನ ಜೊತೆಗೇ ಎದ್ದುಬರುತ್ತದೆ. ಸಂದುಗಳನ್ನು 2–3 ಸೆಂ.ಮೀ. ಆಳಕ್ಕೆ ಕೆರೆದು, ಒಣ ಬ್ರಷ್‌ನಿಂದ ಉಜ್ಜಿ, ಒಂದು ಬೇಸಿಗೆ ಪೂರ್ತಿ ಬರಿಗೋಡೆ ಬಿಟ್ಟದ್ದಾಯಿತು. ಅವಸರ ಮಾಡಿ ಈ ಹಂತ ಬಿಟ್ಟವರು ಎರಡು ಸಲ ಕೆಲಸ ಮಾಡುತ್ತಾರೆ. 1949ಕ್ಕಿಂತ ಹಿಂದಿನ ಮನೆಯಾದರೆ ಬಾಗಿಲು, ಕಿಟಕಿಯ ಹಳೇ ಪೇಂಟಿನಲ್ಲಿ ಸೀಸ ಇದೆ ಎಂದೇ ತಿಳಿಯಬೇಕು. ಒಣಗಿದ್ದಾಗ ಸ್ಯಾಂಡ್‌ಪೇಪರ್ ಹಾಕುವಂತಿಲ್ಲ. ಒದ್ದೆ ಮಾಡಿ, ಮಾಸ್ಕ್ ಹಾಕಿಕೊಂಡು ಕೆರೆಯಬೇಕು.

ಸುಣ್ಣ ಕೊಳ್ಳುವಾಗ ಚೀಲದ ಮೇಲಿನ ಅಕ್ಷರ ಓದಿ. ಎನ್‌ಎಚ್‌ಎಲ್ 3.5 ಎಂದಿದ್ದರೆ ನೀರಿನಲ್ಲೂ ಗಟ್ಟಿಯಾಗುವ ನೈಸರ್ಗಿಕ ಸುಣ್ಣ, ಮೊದಲೆರಡು ಪದರಕ್ಕೆ ಇದೇ. ಈ ಜಿಲ್ಲೆಯದೇ ಸೇಂತಾಸ್ತಿಯೇ ಊರಿನಲ್ಲಿ ತಯಾರಾಗುತ್ತದೆ. ಬರೀ ಎಚ್‌ಎಲ್ ಎಂದಿದ್ದರೆ ಒಳಗೆ ಸಿಮೆಂಟ್ ಬೆರೆತಿರಬಹುದು, ಬೇಡ. ಕೊನೇ ಪದರಕ್ಕೂ ಬಳಿಯಲಿಕ್ಕೂ ಸಿಎಲ್ 90, ಅಂದರೆ ಗಾಳಿಯಲ್ಲಿ ಆರುವ ಮಾಮೂಲಿ ಸುಣ್ಣ. ನಮ್ಮ ಗಾರೆ ಕೆಲಸ ಬಲ್ಲವರು ಬೆಲ್ಲದ ನೀರು, ಅಳಲೆಕಾಯಿ ಏನಾದರೂ ಬೇಕೇ ಎನ್ನಬಹುದು. ಇಲ್ಲಿ ಏನೂ ಬೇಡ, ತೊಳೆದ ಹೊಳೆಮರಳು ಸಾಕು.

10 ಚದರ ಮೀಟರ್ ಗೋಡೆಗೆ ಸರಾಸರಿ 2 ಸೆಂ.ಮೀ. ದಪ್ಪದ ಮುಖ್ಯ ಪದರಕ್ಕೆ ಹಿಡಿದ ಲೆಕ್ಕ: ಮರಳು 200 ಲೀಟರ್, ಸುಣ್ಣ 80 ಲೀಟರ್, ಅಂದರೆ 35 ಕಿಲೋ ಚೀಲ ಒಂದೂವರೆ, ಪೋಲಾಗುವುದೂ ಸೇರಿ ಎರಡು. ಹಿಂದಿನ ಸಂಜೆ ಗೋಡೆಗೆ ನೀರು ಹೊಡೆದು, ಮರುದಿನ ಶುರುಮಾಡುವ ಮುಂಚೆ ಇನ್ನೊಮ್ಮೆ. ಮೈ ಒದ್ದೆಯಿರಬೇಕು, ನೀರು ಹೊಳೆಯಬಾರದು. ಒಣಕಲ್ಲು ಗಾರೆಯ ನೀರನ್ನೆಲ್ಲ ಕುಡಿದುಬಿಟ್ಟರೆ ಸುಣ್ಣ ಕಚ್ಚುವುದಿಲ್ಲ. ತಿಂಗಳ ನಂತರ ಉಗುರಿನಲ್ಲಿ ಗೀರಿದರೆ ಪುಡಿ ಉದುರುತ್ತದೆ.

ಮೊದಲ ಪದರ ಸುಣ್ಣ ಒಂದಕ್ಕೆ ಮರಳು ಎರಡು, ತೆಳ್ಳಗೆ, ಕರಣೆಯಿಂದ ಎರಚಿದ್ದು. ಇದನ್ನು ನಯ ಮಾಡಬೇಡಿ, ಒರಟೇ ಇರಲಿ. ಎರಡು ದಿನ ಬಿಟ್ಟು ಒಂದಕ್ಕೆ ಎರಡೂವರೆಯ ಮುಖ್ಯ ಪದರ. ದೊಡ್ಡ ಗುಳಿಗಳಿಗೆ ಮೊದಲೇ ಚೂರುಕಲ್ಲು ಒತ್ತಿ ತುಂಬಿ; ಬರೀ ಗಾರೆ ತುರುಕಿದರೆ ಅಲ್ಲೇ ಬಿರುಕು. ಹೆಬ್ಬೆರಳು ಒತ್ತಿದರೆ ಗುರುತು ಮೂಡಬೇಕು, ಆದರೆ ಬೆರಳಿಗೆ ಅಂಟಬಾರದು. ಮರದ ಹಲಗೆಯಿಂದ ತಿಕ್ಕಿ ಬಿಗಿ ಮಾಡುವ ಹೊತ್ತು ಅದೇ. ಆಗ ಕಂಡ ಕೂದಲೆಳೆ ಬಿರುಕೆಲ್ಲ ತಿಕ್ಕಿದರೆ ಮುಚ್ಚಿಕೊಳ್ಳುತ್ತದೆ; ಮೂರು ದಿನ ಬಿಟ್ಟು ಕಂಡದ್ದು ಹಾಗೇ ಉಳಿಯುತ್ತದೆ, ಕಾರಣ ಬಹುತೇಕ ನೀರು ಹೆಚ್ಚಾದದ್ದು. ಸ್ಟೀಲ್ ಕರಣೆಯಿಂದ ತೀಡಿದರೆ ಸುಣ್ಣದ ಹಾಲು ಮೇಲೆ ಬಂದು ಕೆನೆಗಟ್ಟುತ್ತದೆ, ಮುಂದಿನ ಪದರ ಹಿಡಿಯುವುದಿಲ್ಲ. ವಾರ ಕಳೆದ ಮೇಲೆ ಸಣ್ಣ ಮರಳಿನ 5 ಮಿ.ಮೀ. ಪದರ. 5 ಡಿಗ್ರಿಗಿಂತ ಕೆಳಗೆ, 30ಕ್ಕಿಂತ ಮೇಲೆ ಈ ಕೆಲಸ ಬೇಡ. ಏಪ್ರಿಲ್–ಜೂನ್, ಇಲ್ಲವೇ ಸೆಪ್ಟೆಂಬರ್. ಸುಣ್ಣ ಕಣ್ಣಿಗೆ ಸಿಡಿದರೆ ಗಂಡಾಂತರ, ಕನ್ನಡಕ, ಗ್ಲೌಸ್ ಇಲ್ಲದೆ ಬಾಣಲಿ ಮುಟ್ಟಬೇಡಿ.

ಬಣ್ಣಕ್ಕೆ ಸಿಎಲ್ 90 ಒಂದು ಪಾಲು, ನೀರು ಎರಡು ಪಾಲು. ಪ್ರೊವಾನ್ಸ್ ಕಡೆಯ ರೂಸಿಯೋಂ ಹಳ್ಳಿಯ ಹಳದಿ ಕಾವಿಮಣ್ಣನ್ನು ರಾತ್ರಿಯೇ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಸೋಸಿ ಸುಣ್ಣಕ್ಕೆ ಬೆರೆಸಿದ್ದು. ತೂಕ ಮಾಡಿ ಬರೆದಿಡಿ, ಕಣ್ಣಳತೆಯಲ್ಲಿ ಎರಡನೇ ಬಕೆಟ್ ಎಂದೂ ಮೊದಲಿನ ಹಾಗೆ ಬರುವುದಿಲ್ಲ. ಬಳಿದಾಗ ಗಾಢವಾಗಿ, ಪಾರದರ್ಶಕವಾಗಿ ಕಾಣುತ್ತದೆ, ಒಣಗಿದಾಗ ಬಹಳ ತಿಳಿಬಣ್ಣವಾಗುತ್ತದೆ. ಆದ್ದರಿಂದ ಗಿಲಾವಿನ ತುಂಡಿನ ಮೇಲೆ ಬಳಿದು, ಎರಡು ದಿನ ಒಣಗಿಸಿ ಆಮೇಲೆ ತೀರ್ಮಾನ. ಗೋಡೆ ಒದ್ದೆ ಮಾಡಿ, ಅಗಲ ಬ್ರಷ್‌ನಲ್ಲಿ ಅಡ್ಡಡ್ಡ ಎರಡು ಕೈ. ಒಂದು ಗೋಡೆಯನ್ನು ನಡುವೆ ನಿಲ್ಲಿಸದೆ ಮುಗಿಸಬೇಕು, ನಿಲ್ಲಿಸಿದ ಕಡೆ ಗೆರೆ ಕಾಣುತ್ತದೆ.

ಹೊರಗೋಡೆಯ, ಕಿಟಕಿ ಕದಗಳ ಬಣ್ಣ ಬದಲಿಸುವುದಾದರೆ ಮೊದಲು ಊರಿನ ಮೇರಿಯಲ್ಲಿ, ಅಂದರೆ ಪುರಸಭೆಯಲ್ಲಿ, ಅರ್ಜಿ ಕೊಡಬೇಕು. ಒಂದು ತಿಂಗಳು ಕಾಯಬೇಕು. ಸಂರಕ್ಷಿತ ಸ್ಮಾರಕದ ಸುತ್ತಲಿನ ವಲಯದೊಳಗೆ ಮನೆಯಿದ್ದರೆ ಎರಡು.

ಮೊದಲ ಚಳಿಗಾಲದಲ್ಲಿ ಗೋಡೆಯ ಬುಡದಲ್ಲಿ ಬಿಳಿ ಹೂವು ಏಳುತ್ತದೆ. ಗಾಬರಿ ಬೇಡ, ಒಳಗೆ ಸಿಕ್ಕಿಬಿದ್ದಿದ್ದ ಉಪ್ಪು ಹೊರಗೆ ಬರುತ್ತಿದೆ. ಒಣ ಬ್ರಷ್‌ನಿಂದ ಗುಡಿಸಿ ಮೊರದಲ್ಲಿ ಹಿಡಿದು ಹೊರಗೆ ಚೆಲ್ಲಿ. ನೀರು ಹಾಕಿ ಒರೆಸಿದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ.