ಬ್ಯಾಡ್ಜರ್ ಬ್ರಷ್ ಆರಿಸುವಾಗ ನಾನು ನೋಡುವುದು ಏನನ್ನು

ಬ್ಯಾಡ್ಜರ್ ಎಂಬ ಕಾಡುಪ್ರಾಣಿಯ ಕೂದಲಿನ ಶೇವಿಂಗ್ ಬ್ರಷ್ ಕೊಳ್ಳಲು ಹೊರಟವರ ಕಣ್ಣಿಗೆ ಮೊದಲು ಬೀಳುವುದು ಪ್ಯೂರ್, ಬೆಸ್ಟ್, ಸೂಪರ್, ಸಿಲ್ವರ್‌ಟಿಪ್ ಎಂಬ ದರ್ಜೆಗಳು. ಈ ಹೆಸರುಗಳಿಗೆ ಎಲ್ಲರೂ ಒಪ್ಪಿಕೊಂಡ ಅಳತೆಗೋಲು ಇಲ್ಲ. ಒಬ್ಬ ತಯಾರಕ ಬೆಸ್ಟ್ ಎಂದು ಕರೆದ ಕೂದಲನ್ನೇ ಇನ್ನೊಬ್ಬ ಸೂಪರ್ ಎಂದು ಮಾರಬಹುದು. ಸಿಲ್ವರ್‌ಟಿಪ್ ಎಂದು ಬರೆದ ಅಗ್ಗದ ಬ್ರಷ್ಷೊಂದು ಒಳ್ಳೆಯ ತಯಾರಕರ ಬೆಸ್ಟ್‌ಗಿಂತ ಕೆನ್ನೆಗೆ ಹೆಚ್ಚು ಚುಚ್ಚಬಹುದು. ಹಾಗಾಗಿ ಒಬ್ಬನೇ ತಯಾರಕನ ಎರಡು ಬ್ರಷ್‌ಗಳನ್ನು ಹೋಲಿಸುವಾಗ ಮಾತ್ರ ದರ್ಜೆಯ ಹೆಸರನ್ನು ಗಣನೆಗೆ ತೆಗೆದುಕೊಳ್ಳುತ್ತೇನೆ. ಉಳಿದಂತೆ ನೋಡುವುದು ಕೂದಲಿನ ತುದಿ, ಕಟ್ಟಿನ ದಪ್ಪಕ್ಕೂ ಎತ್ತರಕ್ಕೂ ಇರುವ ಹೊಂದಾಣಿಕೆ, ಬುಡದಲ್ಲಿ ಅಂಟು ಕೂತಿರುವ ರೀತಿ, ಕೊನೆಗೆ ನಾನು ಬಳಸುವುದು ಸೋಪೋ ಕ್ರೀಮೋ ಎಂಬುದು.

ತುದಿಯಿಂದಲೇ ಶುರುಮಾಡೋಣ, ಏಕೆಂದರೆ ಬೆಲೆ ನಿರ್ಧಾರವಾಗುವುದು ಅಲ್ಲಿ. ಸಹಜವಾಗಿ ಬೆಳೆದ ಬ್ಯಾಡ್ಜರ್ ಕೂದಲು ತುದಿಯ ಕಡೆಗೆ ಸಣ್ಣಗಾಗುತ್ತಾ ಹೋಗಿ ಎಳೆಯಂತೆ ಮುಗಿಯುತ್ತದೆ. ಒಳ್ಳೆಯ ಬ್ರಷ್ ಮಾಡುವವರು ಕೂದಲನ್ನು ಅಚ್ಚಿನ ಬಟ್ಟಲಲ್ಲಿ ತುದಿ ಕೆಳಗೆ ಮಾಡಿ ಜೋಡಿಸಿ, ಗುಮ್ಮಟದ ಆಕಾರ ತಂದು, ಬುಡವನ್ನು ಕಟ್ಟಿ ಅಂಟು ಹಾಕುತ್ತಾರೆ. ತುದಿಗೆ ಕತ್ತರಿ ತಾಗುವುದೇ ಇಲ್ಲ. ಅಗ್ಗದ ಕೆಲಸದಲ್ಲಿ ಕೂದಲನ್ನು ಹೇಗೋ ಕಟ್ಟಿ ಆಮೇಲೆ ಮೇಲ್ಭಾಗವನ್ನು ಕತ್ತರಿಸಿ ಆಕಾರ ಕೊಡುತ್ತಾರೆ. ಆಗ ಪ್ರತಿ ಕೂದಲೂ ಮೊಂಡಾಗಿ ಮುಗಿಯುತ್ತದೆ. ಮುಖದ ಮೇಲೆ ದುಂಡಗೆ ಆಡಿಸಿದಾಗ ಚುರುಚುರು ಎನ್ನುವುದು ಇಂಥ ಬ್ರಷ್ಷೇ. ಎಷ್ಟು ಬಳಸಿದರೂ ಕತ್ತರಿಸಿದ ತುದಿ ಮತ್ತೆ ಸಣ್ಣಗಾಗುವುದಿಲ್ಲ.

ಪರೀಕ್ಷೆ ಸುಲಭ. ಒಣಗಿದ ಬ್ರಷ್ಷನ್ನು ಬೆಳಕಿಗೆ ಅಡ್ಡ ಹಿಡಿದು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ತುದಿಗಳನ್ನು ನೋಡಿ. ಸಹಜ ತುದಿಯಾದರೆ ಅಂಚು ಮಸುಕಾಗಿ, ತುಸು ಏರುಪೇರಾಗಿ ಕಾಣುತ್ತದೆ. ಕತ್ತರಿಸಿದ್ದಾದರೆ ಎಲ್ಲವೂ ಒಂದೇ ಗೆರೆಯಲ್ಲಿ ನಿಂತಿರುತ್ತವೆ. ಆಮೇಲೆ ಬ್ರಷ್ಷನ್ನು ಒದ್ದೆ ಮಾಡಿ ಕೆನ್ನೆಗೆ ನೇರವಾಗಿ ಒತ್ತಿ, ಬಳಿಕ ದುಂಡಗೆ ತಿರುಗಿಸಿ. ಒತ್ತಿದಾಗ ಮೆತ್ತಗಿದ್ದು ತಿರುಗಿಸಿದಾಗ ಚುಚ್ಚಿದರೆ ತುದಿಯಲ್ಲಿ ದೋಷವಿದೆ ಎಂದರ್ಥ. ಮಾರುವವರು ಒದ್ದೆ ಮಾಡಲು ಬಿಡದಿದ್ದರೆ ಒಣ ಬ್ರಷ್ಷನ್ನೇ ತುಟಿಯ ಮೇಲಿನ ಚರ್ಮಕ್ಕೆ ತಾಗಿಸಿ ನೋಡುತ್ತೇನೆ. ಅಂಗೈಗಿಂತ ಅಲ್ಲಿ ಬೇಗ ಗೊತ್ತಾಗುತ್ತದೆ.

ತುದಿಯ ಬಣ್ಣವನ್ನೂ ಗಮನಿಸಬೇಕು. ಸಹಜ ತುದಿ ಕೆನೆ ಬಣ್ಣಕ್ಕೆ ಹತ್ತಿರ, ಎಲ್ಲ ಕೂದಲಲ್ಲೂ ಒಂದೇ ಸಮ ಇರುವುದಿಲ್ಲ. ಸುಣ್ಣದ ಬಿಳುಪಿದ್ದರೆ ಬ್ಲೀಚ್ ಮಾಡಿರುವ ಸಾಧ್ಯತೆ ಹೆಚ್ಚು. ಬ್ಲೀಚ್ ಮಾಡಿದ ಮಾತ್ರಕ್ಕೆ ಬ್ರಷ್ ಕೆಟ್ಟದ್ದೆಂದಲ್ಲ, ಆದರೆ ಅತಿಯಾದರೆ ತುದಿ ಬೇಗ ತುಂಡಾಗುತ್ತದೆ. ಕೆಲವು ಬ್ರಷ್‌ಗಳ ತುದಿ ಒದ್ದೆಯಾದಾಗ ಒಂದಕ್ಕೊಂದು ಅಂಟಿದಂತೆ ಜೆಲ್ಲಿನ ಹಾಗೆ ಮೆತ್ತಗಾಗುತ್ತದೆ. ಬಳಸುವವರು ಇದನ್ನು ಜೆಲ್ ಟಿಪ್ ಎನ್ನುತ್ತಾರೆ. ತುದಿ ಕೊಕ್ಕೆಯಂತೆ ಬಾಗಿರುವುದರಿಂದ ಹೀಗಾಗುತ್ತದೆ, ಇದಕ್ಕಾಗಿ ಕೂದಲಿಗೆ ರಾಸಾಯನಿಕ ಸಂಸ್ಕಾರ ಮಾಡುವುದುಂಟು. ಮುಖಕ್ಕೆ ಬಹಳ ಹಿತ, ಆದರೆ ಗಟ್ಟಿ ಸೋಪನ್ನು ಎತ್ತಿಕೊಳ್ಳಲು ತುಸು ಹೆಚ್ಚು ಹೊತ್ತು ಬೇಕು.

ಪಟ್ಟೆಗಳ ಬಗ್ಗೆ ಎರಡು ಮಾತು. ತಿಳಿ ತುದಿ, ನಡುವೆ ಕಪ್ಪು, ಬುಡದಲ್ಲಿ ಮತ್ತೆ ತಿಳಿ ಬಣ್ಣ ಕಂಡರೆ ಅದು ಮೂರು ಪಟ್ಟೆಯ ಕೂದಲು. ತುದಿ ಮಾತ್ರ ತಿಳಿಯಾಗಿದ್ದು ಕಪ್ಪು ಬಣ್ಣ ಹಿಡಿಯವರೆಗೂ ಇಳಿದಿದ್ದರೆ ಎರಡು ಪಟ್ಟೆಯದು. ಎರಡು ಪಟ್ಟೆಯದು ಸಾಮಾನ್ಯವಾಗಿ ಹೆಚ್ಚು ಬಿಗಿ, ಒತ್ತಿದರೆ ಬೇಗ ಸೆಟೆದು ನಿಲ್ಲುತ್ತದೆ. ಮೂರು ಪಟ್ಟೆಯ ಒಳ್ಳೆಯ ಕೂದಲು ಮೆತ್ತಗೆ ಬಾಗುತ್ತದೆ. ಪ್ಯೂರ್ ಎಂದು ಮಾರುವುದು ಹೆಚ್ಚಾಗಿ ಕಡುಬೂದು ಬಣ್ಣದ ಒರಟು ಕೂದಲು. ಒರಟುತನ ಇಷ್ಟಪಡುವವರಿಗೆ ಅದೂ ಸರಿಯೇ, ತುದಿ ಕತ್ತರಿಸಿರಬಾರದು ಅಷ್ಟೆ.

ಈಗ ಅಳತೆ. ಆನ್‌ಲೈನ್‌ನಲ್ಲಿ ಕೊಳ್ಳುವವರು ಮೋಸಹೋಗುವುದು ಇಲ್ಲಿಯೇ. ಕೂದಲಿನ ಕಟ್ಟಿಗೆ ನಾಟ್ ಎನ್ನುತ್ತಾರೆ. ಅದರ ದಪ್ಪವನ್ನು ಅಳೆಯಬೇಕಾದ್ದು ಕೂದಲು ಹಿಡಿಯಿಂದ ಹೊರಬರುವ ಜಾಗದಲ್ಲಿ. ಹಿಡಿಯ ಅಂಚಿನಿಂದ ಗುಮ್ಮಟದ ನೆತ್ತಿಯವರೆಗಿನ ಎತ್ತರವೇ ಲಾಫ್ಟ್. ಮಾರುವವರು ಕೆಲವೊಮ್ಮೆ ಮೇಲೆ ಅರಳಿಕೊಂಡ ಅಗಲವನ್ನೇ ನಾಟ್‌ನ ದಪ್ಪವೆಂದು ಬರೆದಿರುತ್ತಾರೆ. 21 ಮಿ.ಮೀ. ಬ್ರಷ್ 30 ಎಂದು ಕಾಣಿಸಿಕೊಳ್ಳುವುದು ಹೀಗೆ. ಅಳತೆ ಎಲ್ಲಿ ತೆಗೆದದ್ದು ಎಂದು ಕೇಳಿಯೇ ಮುಂದುವರಿಯಬೇಕು. ಕೈಗೆ ಬಂದ ಮೇಲೆ ವರ್ನಿಯರ್ ಕ್ಯಾಲಿಪರ್‌ನಿಂದ, ಕೂದಲನ್ನು ಹಿಂಡದೆ, ನಾನೇ ಅಳೆಯುತ್ತೇನೆ.

ಎತ್ತರವನ್ನು ದಪ್ಪದಿಂದ ಭಾಗಿಸಿ ನೋಡಿದರೆ ಬ್ರಷ್ಷಿನ ಸ್ವಭಾವ ಬಹುಮಟ್ಟಿಗೆ ತಿಳಿಯುತ್ತದೆ. 22 ಮಿ.ಮೀ. ದಪ್ಪಕ್ಕೆ 52 ಎತ್ತರವಿದ್ದರೆ ಅನುಪಾತ ಸುಮಾರು 2.36. ಅದು ಬಳುಕುವ ಬ್ರಷ್, ಬಟ್ಟಲಲ್ಲಿ ಕ್ರೀಮ್ ಕದಡಲು ಚೆನ್ನ. 24ಕ್ಕೆ 50 ಇದ್ದರೆ 2.08. ಸೋಪು, ಕ್ರೀಮು ಎರಡಕ್ಕೂ ಹೊಂದುತ್ತದೆ, ಮೊದಲ ಬ್ರಷ್ ಕೇಳುವವರಿಗೆ ನಾನು ಹೇಳುವುದು ಇದನ್ನೇ. 26ಕ್ಕೆ 48 ಆದರೆ 1.85ರ ಹತ್ತಿರ. ಇದು ಗಿಡ್ಡ, ಬಿಗಿ. ಮುಖದ ಮೇಲೇ ನೊರೆ ಎಬ್ಬಿಸುವವರಿಗೆ, ಗಟ್ಟಿ ಸೋಪು ಬಳಸುವವರಿಗೆ ಹೇಳಿ ಮಾಡಿಸಿದ್ದು. ಹೆಸರಾಂತ ತಯಾರಕರಲ್ಲೂ ಬಳುಕುವ ಮತ್ತು ಬಿಗಿಯಾದ ಈ ಎರಡು ಬಗೆಗಳನ್ನು ಕಾಣಬಹುದು. 1777ರಿಂದ ಬ್ರಷ್ ಮಾಡುತ್ತಿರುವ ಇಂಗ್ಲೆಂಡಿನ ಕೆಂಟ್‌ನ ಸಿಲ್ವರ್‌ಟಿಪ್ ಬಹಳ ಮೃದು, ಬಳುಕುವಂಥದ್ದು. 1919ರಲ್ಲಿ ಶುರುವಾದ ಸಿಂಪ್ಸನ್‌ನ ಚಬ್ಬಿ ಸಾಲಿನವು ಗಿಡ್ಡ ಮತ್ತು ದಟ್ಟ. ಎರಡೂ ಉತ್ತಮ ಬ್ರಷ್‌ಗಳೇ. ಆದರೆ ಒಂದನ್ನು ಮೆಚ್ಚುವವರಿಗೆ ಇನ್ನೊಂದು ಒಗ್ಗದೆ ಹೋಗಬಹುದು.

ಅನುಪಾತ ಒಂದೇ ಇದ್ದರೂ ದಟ್ಟಣೆ ಬೇರೆಯಾದರೆ ಬ್ರಷ್ ಬೇರೆಯೇ ಆಗುತ್ತದೆ. ಹಿಡಿಯ ಹತ್ತಿರ ಕೂದಲನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಂಡಿ ನೋಡಿ. ಬೆರಳು ಒಳಗೆ ಇಳಿಯುತ್ತಾ ಹೋದರೆ ಕೂದಲು ಕಡಿಮೆ ತುಂಬಿದ್ದಾರೆ. ಹಾಗೆಂದು ದಟ್ಟಣೆ ಹೆಚ್ಚಿದಷ್ಟೂ ಒಳ್ಳೆಯದೆಂದು ತಿಳಿಯಬಾರದು. 28 ಮಿ.ಮೀ. ಮೀರಿದ, ಒತ್ತೊತ್ತಾಗಿ ತುಂಬಿದ ಬ್ರಷ್ ಎಬ್ಬಿಸಿದ ನೊರೆಯನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ. ಎರಡನೇ ಸುತ್ತಿಗೆ ಬುಡದಿಂದ ಹಿಂಡಿ ತೆಗೆಯಬೇಕಾಗುತ್ತದೆ, ಸೋಪೂ ಹೆಚ್ಚು ಖರ್ಚು, ಒಣಗುವುದೂ ನಿಧಾನ. ಮೂಗಿನ ಕೆಳಗೆ ಅಂಥದ್ದನ್ನು ಆಡಿಸುವುದೂ ಕಷ್ಟ.

ಬುಡದ ಅಂಟನ್ನು ಬಹಳ ಜನ ನೋಡುವುದೇ ಇಲ್ಲ. ಕಟ್ಟುವಾಗ ಅಂಟು ಕೂದಲಿನ ನಡುವೆ ಮೇಲಕ್ಕೇರಿ ಒಳಗೊಂದು ಗಡ್ಡೆಯಾಗಿ ಗಟ್ಟಿಯಾಗುವುದುಂಟು. ಹಿಡಿಯಿಂದ 5–6 ಮಿ.ಮೀ. ಮೇಲೆ ಹಿಂಡಿದಾಗ ಒಳಗೆ ಗಂಟು ಸಿಕ್ಕಿದರೆ ಅದೇ ಇದು. ಅಲ್ಲಿಯವರೆಗೆ ಕೂದಲು ಬಾಗುವುದಿಲ್ಲವಾದ್ದರಿಂದ 50ರ ಲಾಫ್ಟ್ ಕೆಲಸದಲ್ಲಿ 44ರಂತೆ ನಡೆದುಕೊಳ್ಳುತ್ತದೆ. ಗಂಟಿನ ಅಂಚಿನಲ್ಲಿ ಕೂದಲು ಪದೇ ಪದೇ ಒಂದೇ ಕಡೆ ಮಡಿಚಿ ಮುರಿಯುತ್ತದೆ ಕೂಡ. ಬ್ರಷ್ಷನ್ನು ತಿರುಗಿಸಿ ನೋಡಿ ಕಟ್ಟು ನೇರವಾಗಿ ಕೂತಿದೆಯೇ, ಹಿಡಿಗೂ ಕಟ್ಟಿಗೂ ನಡುವೆ ಸಂದು ಇದೆಯೇ ಎಂದೂ ಪರಿಶೀಲಿಸಿ. ಸಂದಿನಲ್ಲಿ ಇಳಿದ ನೀರು ಒಣಗುವುದಿಲ್ಲ. ಹಿಡಿ ಮರದ್ದಾಗಿದ್ದರೆ ಉಬ್ಬಿ ಸೀಳುತ್ತದೆ. ದಿನಬಳಕೆಗೆ ರೆಸಿನ್ ಹಿಡಿ ನಿಶ್ಚಿಂತೆ. ಆಕಾರ ಅವರವರ ಕೈಗೆ ಬಿಟ್ಟದ್ದು. ಸೋಪಿನ ಕೈಯಲ್ಲೂ ಜಾರದಂತೆ ಸೊಂಟದಲ್ಲಿ ಸ್ವಲ್ಪ ತಗ್ಗಿದ್ದರೆ ಸಾಕು.

ಅಸಲಿಯೇ ಎಂಬ ಅನುಮಾನ ಬಂದರೆ ಉದುರಿದ ಒಂದು ಕೂದಲನ್ನು ಸುಟ್ಟು ನೋಡಿ. ಪ್ರಾಣಿಯ ಕೂದಲು ಸುಟ್ಟ ಕೂದಲಿನದೇ ವಾಸನೆ ಬಂದು ಪುಡಿಯಾಗುತ್ತದೆ. ಸಿಂಥೆಟಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹಂದಿಯ ಕೂದಲಿಗೆ ಪಟ್ಟೆ ಬಳಿದಿದ್ದರೆ ಈ ಪರೀಕ್ಷೆ ಹಿಡಿಯದು. ಆಗ ತುದಿ ನೋಡಬೇಕು: ಹಂದಿಯ ಕೂದಲು ತುದಿಯಲ್ಲಿ ಕವಲಾಗುತ್ತದೆ, ಬಳಿದ ಪಟ್ಟೆಯ ಅಂಚು ಗೆರೆ ಕೊರೆದಂತೆ ನೇರವಾಗಿರುತ್ತದೆ. ನಕಲಿಯ ಕಥೆ ಹಳೆಯದು. ಮೊದಲ ಮಹಾಯುದ್ಧದ ಕಾಲದಲ್ಲಿ ಕುದುರೆ ಕೂದಲಿನಿಂದ ಬ್ಯಾಡ್ಜರ್‌ನಂತೆ ಕಾಣುವ ಹಾಗೆ ಮಾಡಿದ ಬ್ರಷ್‌ಗಳಿಂದ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಆಂಥ್ರಾಕ್ಸ್ ಎಂಬ ಮಾರಕ ಸೋಂಕು ತಗುಲಿದ ಪ್ರಕರಣಗಳಿದ್ದವು. ಆ ಕಾಲದ ಹಳೆಯ ಬ್ರಷ್ ಸಿಕ್ಕರೆ ಅದರ ಕೂದಲನ್ನು ಬಳಸಬೇಡಿ. ಅಂದವಾದ ಹಿಡಿಯಾದರೆ ಬಲ್ಲವರಿಂದ ಹಳೆಯ ಕಟ್ಟನ್ನು ತೆಗೆಸಿ ಹೊಸದನ್ನು ಕೂರಿಸಬಹುದು.

ಕೊಳ್ಳುವ ಮೊದಲು ತಿಳಿದಿರಬೇಕಾದ ಇನ್ನೊಂದು ಸಂಗತಿ: ಮಾರುಕಟ್ಟೆಗೆ ಬರುವ ಬ್ಯಾಡ್ಜರ್ ಕೂದಲಿನ ಬಹುಪಾಲು ಚೀನಾದ್ದು. ಬ್ರಿಟನ್ನಿನಲ್ಲಿ ಈ ಪ್ರಾಣಿಗೆ 1992ರ ಕಾಯ್ದೆಯ ರಕ್ಷಣೆ ಇದೆ. ಅಲ್ಲಿ ಬ್ರಷ್ ತಯಾರಾದರೂ ಕೂದಲು ಹೊರಗಿನಿಂದಲೇ ಬರಬೇಕು. ಪ್ರಾಣಿಯ ಕೂದಲು ಬೇಡ ಎನಿಸಿದವರು ಸಣ್ಣ ತುದಿಯ ಹೊಸ ಸಿಂಥೆಟಿಕ್ ಬ್ರಷ್ ಕೊಂಡರೆ ಶೇವಿಂಗಿನಲ್ಲಿ ಏನನ್ನೂ ಕಳೆದುಕೊಳ್ಳುವುದಿಲ್ಲ ಎಂದು ನಾನು ನಂಬುತ್ತೇನೆ. ಅದಕ್ಕೆ ನೀರು ಕಡಿಮೆ ಸಾಕು, ಒಣಗುವುದೂ ಬೇಗ. ಅಳತೆ ಮತ್ತು ಅಂಟಿನ ಬಗ್ಗೆ ಮೇಲೆ ಹೇಳಿದ್ದೆಲ್ಲ ಅದಕ್ಕೂ ಅನ್ವಯಿಸುತ್ತದೆ.

ಹೊಸ ಬ್ಯಾಡ್ಜರ್ ಬ್ರಷ್ ಪ್ರಾಣಿಯ ವಾಸನೆ ಬೀರುತ್ತದೆ. ಉಗುರುಬೆಚ್ಚನೆಯ ನೀರಿನಲ್ಲಿ ಶಾಂಪೂ ಹಾಕಿ ಎರಡು ಮೂರು ಸಲ ತೊಳೆದು, ಶೇವಿಂಗ್ ಸೋಪಿನ ನೊರೆ ಎಬ್ಬಿಸಿ, ನೊರೆ ಸಮೇತ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ತೊಳೆಯುತ್ತೇನೆ. ಉಳಿದ ವಾಸನೆ ಬಳಸುತ್ತಾ ಹೋದಂತೆ ಇಲ್ಲವಾಗುತ್ತದೆ. ಕುದಿನೀರು ಮಾತ್ರ ಬೇಡ, ಕೂದಲೂ ಅಂಟೂ ಎರಡೂ ಹಾಳಾಗುತ್ತವೆ. ಕೈ ಸುಖವಾಗಿ ತಡೆಯುವಷ್ಟು ಬಿಸಿ ಇದ್ದರೆ ಸಾಕು.

ಹಂದಿ ಕೂದಲು ನೀರು ಹೀರಿ ಮೆತ್ತಗಾಗಲು ಹೊತ್ತು ಬೇಕು. ಬ್ಯಾಡ್ಜರ್ ಹೆಚ್ಚಾಗಿ ನೀರನ್ನು ಕೂದಲುಗಳ ನಡುವೆ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಒಂದೆರಡು ನಿಮಿಷ ನೆನೆಸಿದರೆ ಸಾಕು. ಎತ್ತಿ ಎರಡು ಸಲ ಕೊಡವಿ, ಸೋಪಿನ ಮೇಲೆ 20–30 ಸೆಕೆಂಡು ತಿರುಗಿಸಿ. ಕ್ರೀಮಾದರೆ ಬಾದಾಮಿ ಗಾತ್ರದಷ್ಟು. ಬಳಿಕ ತುದಿಯನ್ನು ನೀರಿಗೆ ಸೋಕಿಸಿ ಸೋಕಿಸಿ ನೊರೆ ಕಟ್ಟಬೇಕು. ನೊರೆಯಲ್ಲಿ ದೊಡ್ಡ ಗುಳ್ಳೆ ಬಂದರೆ ನೀರು ಹೆಚ್ಚಾಯಿತು ಅಥವಾ ಸೋಪು ಸಾಲಲಿಲ್ಲ ಎಂದರ್ಥ. ಮುಖದ ಮೇಲೆ ಬೇಗ ಒಣಗಿದರೆ ನೀರು ಸಾಲಲಿಲ್ಲ. ಒಳ್ಳೆಯ ಬ್ರಷ್ ಕೊಂಡು ಬ್ರಷ್ಷನ್ನೇ ದೂರುವವರಲ್ಲಿ ಹೆಚ್ಚಿನವರ ತೊಂದರೆ ಈ ನೀರಿನ ಲೆಕ್ಕದ್ದು.

ಬ್ರಷ್ಷನ್ನು ಮುಖಕ್ಕೆ ಚಪ್ಪಟೆಯಾಗುವಷ್ಟು ಒತ್ತಬಾರದು. ಕೂದಲು ಅರ್ಧದವರೆಗೆ ಅರಳಿದರೆ ಬೇಕಾದಷ್ಟಾಯಿತು. ಬಟ್ಟಲಿನ ತಳಕ್ಕೆ ಗುದ್ದಿದಂತೆ ಒತ್ತುವ ಅಭ್ಯಾಸವಿದ್ದರೆ ನಡುವಿನ ಕೂದಲು ಬುಡದಲ್ಲಿ ಮುರಿದು, ಕಟ್ಟಿನ ಮಧ್ಯೆ ತೂತು ಬೀಳುತ್ತದೆ. ಬುಡದಲ್ಲಿ ಕಟ್ಟಿಕೊಂಡ ಸೋಪಿನ ಕಿಲುಬೂ ಇದಕ್ಕೆ ಕಾರಣ. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನೊಂದಿಗೆ ಸೇರಿ ಕರಗದ ಜಿಡ್ಡಾಗುತ್ತದೆ, ಕೂದಲು ಬುಡದಲ್ಲಿ ಬಿರುಸಾಗಿ ಮುರಿಯುತ್ತದೆ. ಬುಡ ಅಂಟಂಟಾಗಿ ಕಂಡಾಗ ಒಂದು ಪಾಲು ಬಿಳಿ ವಿನೆಗರ್‌ಗೆ ಹತ್ತು ಪಾಲು ನೀರು ಬೆರೆಸಿ, ಕೂದಲನ್ನಷ್ಟೇ ಎರಡು ಮೂರು ನಿಮಿಷ ಮುಳುಗಿಸಿ, ಚೆನ್ನಾಗಿ ತೊಳೆಯುತ್ತೇನೆ. ಇದನ್ನು ಪದೇ ಪದೇ ಮಾಡಿದರೆ ಕೂದಲೇ ಬಿರುಸಾಗುತ್ತದೆ.

ಶೇವಿಂಗ್ ಮುಗಿದ ಮೇಲೆ ನೀರು ತಿಳಿಯಾಗುವವರೆಗೆ ತೊಳೆದು, ಮೆಲ್ಲಗೆ ಹಿಂಡಿ, ಕೊಡವಿ, ಟವೆಲ್ಲಿನ ಮೇಲೆ ಹಗುರವಾಗಿ ಆಡಿಸಿ ಗಾಳಿಯಾಡುವಲ್ಲಿ ಇಡಿ. ಹಿಂಡುವಾಗ ಕೂದಲನ್ನು ಎಳೆಯಬೇಡಿ. ತಲೆಕೆಳಗಾಗಿ ತೂಗುಹಾಕಿದರೂ ನೆಟ್ಟಗೆ ನಿಲ್ಲಿಸಿದರೂ ಹೆಚ್ಚು ವ್ಯತ್ಯಾಸವಿಲ್ಲ. ಒದ್ದೆ ಬ್ರಷ್ಷನ್ನು ಮುಚ್ಚಿದ ಡಬ್ಬಿಯಲ್ಲಿಟ್ಟರೆ ಮಾತ್ರ ಬೂಷ್ಟು ಖಂಡಿತ. ದಟ್ಟ ಬ್ರಷ್ ಪೂರ್ತಿ ಒಣಗಲು ಒಂದು ದಿನ ಹಿಡಿಯಬಹುದು. ದಿನವೂ ಶೇವ್ ಮಾಡುವವರು ಎರಡನ್ನು ಸರದಿಯಲ್ಲಿ ಬಳಸಿದರೆ ಎರಡೂ ಹೆಚ್ಚು ಬಾಳುತ್ತವೆ.

ಮೊದಲ ಕೆಲವು ಬಳಕೆಗಳಲ್ಲಿ ನಾಲ್ಕಾರು ಕೂದಲು ಉದುರುವುದು ಸಹಜ. ಕಟ್ಟುವಾಗ ಅಂಟಿಗೆ ಸಿಗದೆ ಉಳಿದ ಕೂದಲು ಅವು. ಉದುರಿದ್ದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ. ಪೂರ್ತಿ ಉದ್ದವಿದ್ದರೆ ಅಂಟು ಬಿಟ್ಟಿದೆ, ತುಂಡಾಗಿದ್ದರೆ ಕೂದಲು ಮುರಿದಿದೆ. ಕೆಲವು ವಾರ ಕಳೆದರೂ ಪ್ರತಿ ಸಲ ಉದ್ದದ ಕೂದಲು ಬರುತ್ತಲೇ ಇದ್ದರೆ ಬಳಸುವುದನ್ನು ನಿಲ್ಲಿಸಿ ಬ್ರಷ್ಷನ್ನು ಮಾರಿದವರಿಗೆ ಹಿಂದಿರುಗಿಸಿ. ಉದುರಿದ ಕೂದಲನ್ನೂ ಒಂದು ಕಾಗದದಲ್ಲಿ ಮಡಿಚಿ ಜೊತೆಗೆ ಕೊಡಿ, ದೋಷ ಕಟ್ಟಿನದೇ ಎಂದು ತೋರಿಸಲು ಅದು ಬೇಕಾಗುತ್ತದೆ.