ಅಂಗೈ ಅಳತೆಯ ಚಾಕು

ನಮ್ಮ ಮನೆಯ ಹಿಂಬಾಗಿಲ ಪಕ್ಕದ ಗೋಡೆಯಲ್ಲಿ ಮೂರು ಕತ್ತಿ ತೂಗುತ್ತವೆ. ಕಾಡು ಕಡಿಯೋದಕ್ಕೆ ಒಂದು, ಮರ ಕಪಾತಿಗೆ, ಅಂದರೆ ಕೊಂಬೆ ಸವರೋದಕ್ಕೆ ಒಂದು, ತೆಂಗಿನಕಾಯಿ ಒಡೆಯೋದಕ್ಕೆ ಮತ್ತು ಹಲಸು ಕೊಯ್ಯೋದಕ್ಕೆ ಇನ್ನೊಂದು. ಕೊಡಗಿನಲ್ಲಿ ಯಾವ ತೋಟದ ಮನೆಗೆ ಹೋದರೂ ಇದೇ ನೋಟ. ಜೇಬಿನ ಚಾಕು ಎಷ್ಟು ದೊಡ್ಡದಿರಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಆ ಗೋಡೆ ತೋರಿಸುತ್ತೇನೆ. ದೊಡ್ಡ ಕೆಲಸಕ್ಕೆಲ್ಲ ಆಗಲೇ ಜನ ಇದ್ದಾರೆ. ಜೇಬಿನ ಚಾಕುವಿಗೆ ಉಳಿದಿರೋದು ಸಣ್ಣ ಕೆಲಸ. ಆದರೆ ಆ ಸಣ್ಣ ಕೆಲಸ ದಿನಕ್ಕೆ ಹತ್ತು ಸಲ ಬರುತ್ತದೆ.

ಈಗಿನ ಹುಡುಗರು ಅಂಗಡಿಯಲ್ಲಿ ನಿಂತು ಯೋಚನೆ ಮಾಡೋದೇ ಬೇರೆ ಥರ. ಕಾಡಿನಲ್ಲಿ ಸಿಕ್ಕಿಬಿದ್ದರೆ? ಕೊಂಬೆ ಕಡಿಯಬೇಕಾದರೆ? ಹೀಗೆ ಬಾರದ ದಿನವನ್ನು ನೆನೆದು ಹತ್ತು ಸೆಂಟಿಮೀಟರ್ ಅಲಗಿನ ಚಾಕು ಕೊಂಡು ತರುತ್ತಾರೆ. ಮೊದಲ ವಾರ ಜೇಬಿನಲ್ಲಿ. ಎರಡನೇ ವಾರ ಜೀಪಿನ ಡ್ಯಾಶ್‌ಬೋರ್ಡಿನಲ್ಲಿ. ಒಂದು ತಿಂಗಳಿಗೆ ಮೇಜಿನ ಖಾನೆಯಲ್ಲಿ. ಆಮೇಲೆ ಗೊಬ್ಬರದ ಚೀಲ ಬಿಚ್ಚೋದಕ್ಕೆ ಹಲ್ಲು, ಉಗುರು, ಜೀಪಿನ ಕೀ! ನಮ್ಮ ಯಜಮಾನರೇ ಹೀಗೆ ಒಂದು ಚಾಕುವನ್ನು ಮೂರು ವರ್ಷ ಖಾನೆಯಲ್ಲಿ ಮಲಗಿಸಿದ್ದರು.

ಒಂದು ದಿನ ನಾನು ಚಾಕುವನ್ನು ಯಾವುದಕ್ಕೆಲ್ಲ ತೆಗೆದೆ ಅಂತ ಸುಮ್ನೆ ಲೆಕ್ಕ ಇಟ್ಟೆ. ಬೆಳಿಗ್ಗೆ ಹಾಲಿನ ಪ್ಯಾಕೆಟ್. ಹತ್ತು ಗಂಟೆಗೆ ಗೊಬ್ಬರದ ಚೀಲ. ಆಮೇಲೆ ಮೆಣಸಿನ ಬಳ್ಳಿ ಕಟ್ಟೋ ದಾರ ತುಂಡು ಮಾಡಿದ್ದು, ಮಧ್ಯಾಹ್ನ ಬೆಣ್ಣೆಹಣ್ಣು, ಸಂಜೆ ಕೊರಿಯರ್‌ನಲ್ಲಿ ಬಂದ ಡಬ್ಬದ ಟೇಪು, ರಾತ್ರಿ ಮಾತ್ರೆಯ ಪಟ್ಟಿ. ಇದರಲ್ಲಿ ಬೆಣ್ಣೆಹಣ್ಣು ಒಂದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಎರಡು ಬೆರಳಿಗಿಂತ ಜಾಸ್ತಿ ಅಲಗು ಕೆಲಸ ಮಾಡಲಿಲ್ಲ.

ಗೊಬ್ಬರದ ಚೀಲವನ್ನೇ ತಗೊಳ್ಳಿ. ತೋಟದಲ್ಲಿ ಅರ್ಧ ಜನ ಚೀಲದ ಹೊಟ್ಟೆಗೇ ಚಾಕು ಹಾಕಿ ಸೀಳುತ್ತಾರೆ. ಚೀಲವೂ ಹಾಳು, ಗೊಬ್ಬರವೂ ಚೆಲ್ಲಿ ಹಾಳು. ಆ ಹೊಲಿಗೆ ಸರಪಳಿ ಹೊಲಿಗೆ. ಹತ್ತಿರದಿಂದ ನೋಡಿ, ಒಂದು ಮಗ್ಗುಲಲ್ಲಿ ದಾರ ನೇರ ಗೆರೆಯಂತೆ ಓಡಿರುತ್ತದೆ, ಇನ್ನೊಂದು ಮಗ್ಗುಲಲ್ಲಿ ಕುಣಿಕೆಯೊಳಗೆ ಕುಣಿಕೆ ಕೂತಿರುತ್ತದೆ. ತುದಿಯಲ್ಲಿ ಬಾಲದ ಹಾಗೆ ಬಿಟ್ಟಿರುವ ದಾರವನ್ನು ಬುಡದಲ್ಲಿ ಕತ್ತರಿಸಿ, ಮೊದಲ ಕುಣಿಕೆಯನ್ನು ಚಾಕುವಿನ ಮೊನೆಯಿಂದ ಎಬ್ಬಿಸಿ ಎಳೆಯಬೇಕು. ಒಂದು ತುದಿಯಿಂದ ಎಳೆದರೆ ಮಾತ್ರ ಬಿಚ್ಚುತ್ತದೆ. ಬರಲಿಲ್ಲವಾ, ಚೀಲ ತಿರುಗಿಸಿ ಇನ್ನೊಂದು ತುದಿಯಿಂದ ನೋಡಿ. ಸರ್ ಅಂತ ಪೂರ್ತಿ ಹೊಲಿಗೆ ಒಂದೇ ಉಸಿರಿಗೆ ಬಿಚ್ಚಿಕೊಳ್ಳುತ್ತದೆ. ಆ ದಾರವನ್ನು ಸುತ್ತಿಟ್ಟರೆ ಬಳ್ಳಿ ಕಟ್ಟೋಕೆ ಆಯ್ತು, ಚೀಲವನ್ನು ತೊಳೆದಿಟ್ಟರೆ ಹತ್ತು ಕೆಲಸಕ್ಕೆ ಆಯ್ತು. ಇಷ್ಟಕ್ಕೂ ಬೇಕಾಗಿದ್ದು ಚೂಪಾದ, ತೆಳ್ಳಗಿನ ಎರಡು ಸೆಂಟಿಮೀಟರ್ ಮೊನೆ. ದಪ್ಪ ಬೆನ್ನಿನ ದೊಡ್ಡ ಚಾಕುವಿನ ಮೊನೆ ಆ ಕುಣಿಕೆಯೊಳಗೆ ಹೋಗೋದೇ ಇಲ್ಲ.

ಈಗ ಅಳತೆಗೆ ಬರೋಣ. ನಿಮ್ಮ ಅಂಗೈ ತೆರೆದು, ಹೆಬ್ಬೆರಳು ಬಿಟ್ಟು, ನಾಲ್ಕು ಬೆರಳುಗಳ ಬುಡದಲ್ಲಿ ಅಡ್ಡಕ್ಕೆ ಸ್ಕೇಲ್ ಇಡಿ. ನನ್ನದು ಏಳೂವರೆ ಸೆಂಟಿಮೀಟರ್. ನಮ್ಮ ಯಜಮಾನರದ್ದು ಒಂಬತ್ತು. ಮಡಚಿದ ಚಾಕು ಈ ಅಗಲಕ್ಕಿಂತ ಒಂದು ಬೆರಳು ಜಾಸ್ತಿ ಇರಬೇಕು, ಅಷ್ಟೇ. ಮುಷ್ಟಿಯಲ್ಲಿ ಹಿಡಿದಾಗ ಹಿಡಿಯ ಎರಡೂ ತುದಿ ಚೂರು ಚೂರು ಕಾಣಬೇಕು. ಅದಕ್ಕಿಂತ ಗಿಡ್ಡ ಆದರೆ ಕಿರುಬೆರಳಿಗೆ ಜಾಗ ಸಿಗೋದಿಲ್ಲ, ಒತ್ತುವಾಗ ಚಾಕು ಕೈಯಲ್ಲಿ ತಿರುಗುತ್ತದೆ. ಉದ್ದ ಆದರೆ ಮೊನೆ ಕೈಯ ಹಿಡಿತದಿಂದ ದೂರ ಹೋಗುತ್ತದೆ, ಹೇಳಿದ ಮಾತು ಕೇಳೋದಿಲ್ಲ. ಮಡಚುವ ಚಾಕುವಿನಲ್ಲಿ ಅಲಗು ಹಿಡಿಯೊಳಗೇ ಕೂರಬೇಕಲ್ವಾ, ಹಾಗಾಗಿ ಅದು ಹಿಡಿಗಿಂತ ಸುಮಾರು ಎರಡು ಸೆಂಟಿಮೀಟರ್ ಗಿಡ್ಡ ಇರುತ್ತದೆ. ನನ್ನಂಥ ಕೈಗೆ 9 ಸೆಂಟಿಮೀಟರ್ ಚಾಕು, 7 ಸೆಂಟಿಮೀಟರ್ ಅಲಗು. ದೊಡ್ಡ ಕೈಯವರಿಗೆ 10ರಿಂದ 11ರ ಚಾಕು, 8 ಅಥವಾ ಎಂಟೂವರೆ ಅಲಗು. ಮನೆಯಲ್ಲಿ ಸ್ಕೇಲ್ ಇಲ್ಲದಿದ್ದರೆ ಎಟಿಎಂ ಕಾರ್ಡ್ ಇದ್ದೇ ಇರುತ್ತದೆ. ಅದರ ಉದ್ದ ಎಂಟೂವರೆ ಸೆಂಟಿಮೀಟರಿಗೆ ಕೂದಲೆಳೆಯಷ್ಟು ಜಾಸ್ತಿ. ಕಾರ್ಡಿಗಿಂತ ಉದ್ದದ ಅಲಗು ದಿನಬಳಕೆಗೆ ಬೇಡವೇ ಬೇಡ.

ನನ್ನ ಮೈದುನ ಸೇನೆಯಲ್ಲಿದ್ದವರು. ರಜೆಗೆ ಬಂದಾಗ ನನಗೊಂದು ಕೆಂಪು ಹಿಡಿಯ ವಿಕ್ಟೋರಿನಾಕ್ಸ್ ತಂದುಕೊಟ್ಟಿದ್ದರು. ಸ್ವಿಟ್ಜರ್ಲೆಂಡಿನ ಆ ಕಂಪನಿ 1897ರಲ್ಲಿ ಸೇನಾಧಿಕಾರಿಗಳಿಗೆ ಅಂತ ಮಾಡಿದ ಚಾಕುವಿನ ವಂಶದ್ದು. ಮಡಚಿದಾಗ 91 ಮಿಲಿಮೀಟರ್, ದೊಡ್ಡ ಅಲಗು ಹೆಚ್ಚು ಕಡಿಮೆ 7 ಸೆಂಟಿಮೀಟರ್. ಹಿಡಿಯೊಳಗೆ ಎರಡೇ ಪದರ ಉಪಕರಣ ಇರುವ ಮಾದರಿಯಾದರೆ 60 ಗ್ರಾಂ ತೂಕ, ಒಂದು ಕೋಳಿಮೊಟ್ಟೆಯಷ್ಟು. ಇದೇ ಕಂಪನಿಯ 58 ಮಿಲಿಮೀಟರಿನ ಪುಟಾಣಿಯೂ ಬರುತ್ತದೆ. ಕೀ ಗೊಂಚಲಿಗೆ ಚೆಂದ, ಊರಿನಲ್ಲಿ ಆಫೀಸಿಗೆ ಹೋಗುವವರಿಗೆ ಸಾಕು. ತೋಟದ ಒದ್ದೆ ಕೈಗೆ ಅದು ಸಿಗೋದಿಲ್ಲ, ಜಾರುತ್ತದೆ. ಫ್ರಾನ್ಸಿನ ಒಪಿನೆಲ್ ಚಾಕುಗಳನ್ನು ನೋಡಿದರೆ ಅಳತೆಯ ವಿಷಯ ಇನ್ನೂ ಚೆನ್ನಾಗಿ ಅರ್ಥ ಆಗುತ್ತದೆ. ಒಂದೇ ಆಕಾರ, ನಂಬರ್ ಮಾತ್ರ ಬೇರೆ. 6ನೇ ನಂಬರಿನ ಅಲಗು ಸುಮಾರು 7 ಸೆಂಟಿಮೀಟರ್, 7ನೆಯದ್ದು 8, 8ನೆಯದ್ದು ಎಂಟೂವರೆ. ಚಪ್ಪಲಿ ಕೊಳ್ಳುವ ಹಾಗೆ ಕೈ ನೋಡಿ ನಂಬರ್ ಆರಿಸಬಹುದು.

ಅಂಗೈ ಆದ ಮೇಲೆ ಜೇಬು. ಇದನ್ನು ಯಾರೂ ಅಳೆಯೋದಿಲ್ಲ. ಚಾಕು ಜೇಬಿನ ಆಳದ ಮುಕ್ಕಾಲು ಭಾಗಕ್ಕಿಂತ ಕೆಳಗೇ ಕೂರಬೇಕು. ಇಲ್ಲದಿದ್ದರೆ ಜೀಪಿನಲ್ಲಿ ಕೂತಾಗ ಸೀಟಿನ ಸಂದಿಗೆ ಬೀಳುತ್ತದೆ. ಅಂಗಿಯ ಎದೆ ಜೇಬಿನಲ್ಲಿ ಇಟ್ಟರೆ ಕಾಫಿ ಗಿಡದ ಬುಡಕ್ಕೆ ಬಗ್ಗಿದಾಗ ಹೋಯ್ತು ಅಂತಲೇ ಲೆಕ್ಕ. ಪಂಚೆಯ ಮಡಿಲಂತೂ ನಂಬುವ ಜಾಗವೇ ಅಲ್ಲ. ನಾನು ಸೀರೆಗೆ ಸಿಗಿಸಿಕೊಳ್ಳುವ ಬಟ್ಟೆ ಚೀಲದಲ್ಲಿ ಇಡುತ್ತೇನೆ, ಮೊದಲು ನಮ್ಮ ಅತ್ತೆ ಎಲೆ ಅಡಿಕೆ ಇಡುತ್ತಿದ್ದರಲ್ಲ, ಅಂಥದ್ದು. ಹುಡುಗಿಯರ ಕುರ್ತಾದ ಜೇಬು ಬಹಳ ಗಿಡ್ಡ. ಅವರು 9 ಸೆಂಟಿಮೀಟರಿಗಿಂತ ಮೇಲೆ ಹೋಗಲೇಬಾರದು.

ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ಒಂದು ತುಂಡು ಬಿದಿರನ್ನು ನಿಮಗೆ ಇಷ್ಟವಾದ ಚಾಕುವಿನ ಮಡಚಿದ ಉದ್ದಕ್ಕೆ ಕೊಯ್ದು, ಅಷ್ಟೇ ಅಗಲ, ಅಷ್ಟೇ ದಪ್ಪ ಇರುವ ಹಾಗೆ ಕೆತ್ತಿಕೊಳ್ಳಿ. ಮೂರು ದಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿ. ಕೂತು, ಎದ್ದು, ಬಗ್ಗಿ, ಬಸ್ ಹತ್ತಿ. ತೊಡೆಗೆ ಚುಚ್ಚಿದರೆ, ಮೂರನೇ ದಿನಕ್ಕೆ ನೀವೇ ತೆಗೆದಿಟ್ಟರೆ, ಆ ಸೈಜ್ ನಿಮ್ಮದಲ್ಲ. ನಮ್ಮ ಮಗನಿಗೆ ಹೀಗೆ ಎರಡು ಬಿದಿರಿನ ತುಂಡು ಮಾಡಿಕೊಟ್ಟಿದ್ದೆ. 11ರದ್ದು ಒಂದೇ ದಿನಕ್ಕೆ ಅಡುಗೆಮನೆಯ ಕಟ್ಟೆ ಮೇಲೆ ಬಂದು ಕೂತಿತ್ತು.

ತೆರೆದ ಅಲಗು ತಾನಾಗಿ ಮಡಚಿಕೊಳ್ಳದ ಹಾಗೆ ಹಿಡಿಯುವ ಲಾಕ್ ಬಗ್ಗೆ ನನ್ನ ಬೆರಳೇ ಪಾಠ ಕಲಿತಿದೆ. ಒಂದು ಆಟಿ ತಿಂಗಳ ಮಧ್ಯಾಹ್ನ, ಹೊರಗೆ ಮಳೆ ಹೊಯ್ಯುತ್ತಿತ್ತು. ಬೆಣ್ಣೆಹಣ್ಣನ್ನು ಎಡಗೈಯಲ್ಲೇ ಹಿಡಿದು ಸುತ್ತ ಕೊಯ್ದು, ತಿರುಗಿಸಿ ಎರಡು ಹೋಳು ಮಾಡಿದೆ. ಬೀಜ ಒಂದು ಹೋಳಿನಲ್ಲಿ ಉಳಿಯಿತು. ಚಾಕುವಿನ ಮೊನೆಯನ್ನು ಬೀಜಕ್ಕೆ ಚುಚ್ಚಿ ಎಬ್ಬಲು ಹೋದೆ. ಮೊನೆ ಬೀಜದ ಮೇಲೆ ಜಾರಿತು, ಅಲಗಿನ ಬೆನ್ನಿಗೆ ಭಾರ ಬಿತ್ತು, ಚಾಕು ಪಟ್ ಅಂತ ನನ್ನ ತೋರುಬೆರಳಿನ ಮೇಲೇ ಮಡಚಿಕೊಂಡಿತು. ಮೂರು ಹೊಲಿಗೆ ಬಿತ್ತು. ಇವತ್ತಿಗೂ ಮಳೆಗಾಲದಲ್ಲಿ ಆ ಗೆರೆ ಸೆಳೆಯುತ್ತದೆ. ತಪ್ಪು ಚಾಕುವಿನದ್ದಲ್ಲ. ಅದು ಬರೀ ಸ್ಪ್ರಿಂಗ್ ಬಲದ ಮೇಲೆ ನಿಲ್ಲುವ ಚಾಕು, ಲಾಕ್ ಇಲ್ಲದ್ದು. ಅಂಥದ್ದರಲ್ಲಿ ಅಲಗಿನ ಹರಿತವಾದ ಬಾಯಿಯ ಕಡೆಗೆ ಮಾತ್ರ ಒತ್ತಬೇಕು. ಚುಚ್ಚೋದು, ಎಬ್ಬೋದು, ಬೆನ್ನಿನಿಂದ ಕುಟ್ಟೋದು ಮಾಡಲೇಬಾರದು. ಅಲಗು 7 ಸೆಂಟಿಮೀಟರ್ ಇರುವ ತನಕ ಲಾಕ್ ಇಲ್ಲದ್ದು ಸಾಕು, ಮೇಲೆ ಹೇಳಿದ ಕೆಲಸಗಳಿಗೆ. ಅದಕ್ಕಿಂತ ಉದ್ದ ಆದರೆ ಕೈ ತಾನಾಗೇ ಜಾಸ್ತಿ ಬಲ ಹಾಕುತ್ತದೆ, ಆಗ ಲಾಕ್ ಇರಲೇಬೇಕು. ಇನ್ನು ಬೆಣ್ಣೆಹಣ್ಣಿನ ಬೀಜವನ್ನು ಚಮಚದಲ್ಲಿ ತೆಗೆಯಿರಿ, ಹಣ್ಣನ್ನು ಮಣೆ ಮೇಲೆ ಇಟ್ಟು ಕೊಯ್ಯಿರಿ. ದಯವಿಟ್ಟು.

ಗುಂಡಿ ಒತ್ತಿದರೆ ತಾನೇ ಹಾರಿ ತೆರೆಯುವ ಚಾಕು ಮನೆಗೆ ತರಬೇಡಿ. ಕಾನೂನಿನ ವಿಷಯ ಹೇಳೋದಾದರೆ, ಶಸ್ತ್ರಾಸ್ತ್ರ ನಿಯಮದಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧ ಅಂತ ಹಿಡಿಯುತ್ತಾರೆ. ಮನೆಗೆಲಸ, ಬೇಸಾಯದ ಕತ್ತಿಗಳಿಗೆ ವಿನಾಯಿತಿ ಇದೆ. ನಾವು ಮಾತಾಡುತ್ತಿರುವ ಚಾಕು ಅದರ ಹತ್ತಿರಕ್ಕೂ ಬರೋದಿಲ್ಲ. ಆದರೂ ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯುವ ಹಾಗಿಲ್ಲ, ಲಗೇಜಿನಲ್ಲಿ ಹಾಕಿ ಕಳಿಸಬೇಕು. ಮಕ್ಕಳ ಶಾಲೆ ಚೀಲಕ್ಕೂ ಬೇಡ.

ನಮ್ಮ ಊರಿನ ಮಳೆಗೆ ಹೊಂದುವ ಚಾಕು ಯಾವುದು ಅನ್ನೋದನ್ನು ಬೇರೆ ಊರಿನವರು ಹೇಳೋಕೆ ಆಗೋದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಬಟ್ಟೆಯೇ ಒಣಗೋದಿಲ್ಲ, ಉಕ್ಕು ಒಣಗುತ್ತದಾ? ಕಾರ್ಬನ್ ಉಕ್ಕಿನ ಅಲಗು ಬೇಗ ಹರಿತ ಆಗುತ್ತದೆ, ನನಗೂ ಅದೇ ಇಷ್ಟ. ಆದರೆ ಒಂದು ರಾತ್ರಿ ಒದ್ದೆ ಜೇಬಿನಲ್ಲಿ ಉಳಿದರೆ ಬೆಳಿಗ್ಗೆಗೆ ಕಿತ್ತಳೆ ಬಣ್ಣದ ಚುಕ್ಕೆ. ಹುಳಿ ಹಣ್ಣು, ಬಾಳೆದಿಂಡು ಕೊಯ್ದರಂತೂ ಕಪ್ಪಾಗುತ್ತದೆ. ಮಳೆಗಾಲಕ್ಕೆ ಸ್ಟೇನ್‌ಲೆಸ್ ಇಟ್ಟುಕೊಳ್ಳಿ. ಮರದ ಹಿಡಿಯೂ ನೀರು ಕುಡಿದು ಉಬ್ಬುತ್ತದೆ, ಅಲಗನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಒಪಿನೆಲ್‌ನಂಥ ಚಾಕು ಹೀಗೆ ಕಚ್ಚಿಕೊಂಡರೆ ಉಗುರು ಮುರಿದುಕೊಳ್ಳಬೇಡಿ. ಲಾಕಿನ ಬಳೆ ಸಡಿಲಿಸಿ, ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಒಂದೆರಡು ಸಲ ಕುಟ್ಟಿ, ಅಲಗು ಹಿಡಿಯುವಷ್ಟು ಹೊರಗೆ ಇಣುಕುತ್ತದೆ. ಒಲೆಯ ಮೇಲೆ ಇಟ್ಟು ಒಣಗಿಸಿದರೆ ಮರ ಸೀಳುತ್ತದೆ. ಒಲೆಯಿಂದ ಒಂದು ಮೊಳ ದೂರ ಸಾಕು, ಅಲಗು ತೆರೆದಿಟ್ಟು. ಕೀಲಿಗೆ ತೆಂಗಿನೆಣ್ಣೆ ಬಿಡಬೇಡಿ, ದಿನ ಕಳೆದ ಹಾಗೆ ಅಂಟಾಗಿ ಕಾಫಿ ಧೂಳು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ, ಆಮೇಲೆ ಚೆನ್ನಾಗಿ ಒರೆಸೋದು.

ಹಿಡಿಯ ಬಣ್ಣದ ಬಗ್ಗೆ ಒಂದು ಮಾತು. ಕೆಂಪು ಹಿಡಿ ತರಗೆಲೆಯಲ್ಲಿ ಬಿದ್ದರೆ ಕಣ್ಣಿಗೆ ಬೀಳುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಜ. ಆದರೆ ಕಾಫಿ ಕುಯ್ಲಿನ ಸಮಯದಲ್ಲಿ ನನ್ನ ಕೆಂಪು ಚಾಕು ಕೆಂಪು ಕಾಫಿ ಹಣ್ಣಿನ ಚೀಲದೊಳಗೆ ಬಿದ್ದು, ಕಣದಲ್ಲಿ ರಾಶಿ ಹರಡಿದ ಮೇಲೇ ಸಿಕ್ಕಿದ್ದು. ಅವತ್ತಿನಿಂದ ಹಿಡಿಯ ತುದಿಗೆ ನೀಲಿ ನೈಲಾನ್ ದಾರದ ಕುಚ್ಚು ಕಟ್ಟಿದ್ದೇನೆ. ತೋಟದಲ್ಲಿ ಆ ನೀಲಿ ಬೇರೆ ಎಲ್ಲೂ ಇಲ್ಲ.

ಸೆಪ್ಟೆಂಬರಿನಲ್ಲಿ ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೋವಿ, ಅಗಲದ ಒಡಿಕತ್ತಿ, ಸೊಂಟಕ್ಕೆ ಸಿಗಿಸುವ ಪೀಚೆಕತ್ತಿ ಎಲ್ಲ ಒರೆಸಿ ತೋಕ್ ಪೂ, ಅಂದರೆ ಕೋವಿ ಹೂ ಇಟ್ಟು ಪೂಜೆಗೆ ಇಡುವಾಗ ನನ್ನ ಚಾಕುವನ್ನೂ ಅವುಗಳ ಪಕ್ಕ ಇಡುತ್ತೇನೆ. ವರ್ಷವಿಡೀ ದುಡಿದದ್ದು ಅದೇ ಅಲ್ವಾ.

ಅಂಗಡಿಗೆ ಹೋಗುವಾಗ ಒಂದು ಒದ್ದೆ ಕರವಸ್ತ್ರ ತೆಗೆದುಕೊಂಡು ಹೋಗಿ. ಕೈ ಒದ್ದೆ ಮಾಡಿಕೊಂಡು ಚಾಕುವನ್ನು ಹತ್ತು ಸಲ ತೆರೆದು ಮುಚ್ಚಿ, ನಿಧಾನವಾಗಿ. ಅಲಗಿನ ಮೇಲಿನ ಗೀರಿಗೆ ಉಗುರು ಸಲೀಸಾಗಿ ಕೂರಬೇಕು. ತೆರೆದ ಮೇಲೆ ಅಲಗು ಎಡಕ್ಕೂ ಬಲಕ್ಕೂ ಅಲುಗಬಾರದು. ಮುಚ್ಚುವಾಗ ಬೆರಳು ಅಲಗಿನ ದಾರಿಗೆ ಬರಬಾರದು. ವಯಸ್ಸಾದವರಿಗೆ ಕೊಳ್ಳುವುದಾದರೆ ಅವರನ್ನೇ ಕರೆದುಕೊಂಡು ಹೋಗಿ, ಗಟ್ಟಿ ಸ್ಪ್ರಿಂಗ್ ಎಳೆಯೋಕೆ ಬೆರಳಿಗೆ ಬಲ ಸಾಲೋದಿಲ್ಲ. ಹತ್ತನೇ ಸಲಕ್ಕೂ ಉಗುರು ಜಾರುತ್ತಿದ್ದರೆ ಅದನ್ನು ಅಲ್ಲೇ ಇಟ್ಟು ಪಕ್ಕದ್ದನ್ನು ಕೇಳಿ.