ಕಂಪ್ಯೂಟರಿನ ಫ್ಯಾನ್ ಕೈಕೊಟ್ಟರೆ

ಕಂಪ್ಯೂಟರ್ ಹಚ್ಚಿದ ಸ್ವಲ್ಪ ಹೊತ್ತಿಗೆ ತಾನಾಗಿಯೇ ಆಫ್ ಆಗುತ್ತಿದೆಯಾ? ವೈರಸ್ ಬಂದಿದೆ, ವಿಂಡೋಸ್ ಕೆಟ್ಟಿದೆ ಅಂತ ಯಾರಾದರೂ ಹೇಳಿದರೆ ತಕ್ಷಣ ನಂಬಬೇಡಿ. ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ, ಪ್ರೊಸೆಸರ್ (ಸಿಪಿಯು ಅಂತಲೂ ಕರೆಯುವ ಮುಖ್ಯ ಚಿಪ್) ಮೇಲೆ ಕೂತಿರುವ ಫ್ಯಾನ್ ನೋಡಿ. ನಿಂತೇ ಹೋಗಿದ್ದರೆ, ಇಲ್ಲವೇ ಗರಗರ ಸದ್ದು ಮಾಡುತ್ತಾ ಕುಂಟುತ್ತಿದ್ದರೆ ರೋಗ ಸಿಕ್ಕಿತು. ಪ್ರೊಸೆಸರ್ ಬಿಸಿ 100 ಡಿಗ್ರಿ ಹತ್ತಿರ ಬಂದರೆ ಅದು ಮೊದಲು ವೇಗ ಇಳಿಸಿಕೊಳ್ಳುತ್ತದೆ. ಆಮೇಲೂ ತಣಿಯದಿದ್ದರೆ ಕಂಪ್ಯೂಟರ್ ಆಫ್ ಆಗುತ್ತದೆ. ಸುಟ್ಟುಹೋಗದಿರಲಿ ಅಂತ ಮಾಡಿಟ್ಟ ಏರ್ಪಾಡು ಅದು.

ನಮ್ಮ ದಾವಣಗೆರೆಯ ಧೂಳು ಎಂಥದ್ದು ಅಂತ ನಿಮಗೇ ಗೊತ್ತು. ಮಂಡಕ್ಕಿ ಭಟ್ಟಿಗಳ ಕಡೆ ಮನೆ ಇದ್ದರೆ ಅದರ ಜೊತೆಗೆ ಮಸಿಯೂ ಸೇರುತ್ತದೆ. ಫ್ಯಾನಿನ ಕೆಳಗಿರುವ, ಪ್ರೊಸೆಸರಿನ ಬಿಸಿ ಎಳೆದುಕೊಳ್ಳುವ ಅಲ್ಯೂಮಿನಿಯಂ ಹೀಟ್ ಸಿಂಕಿನ ಸಂದುಗಳಲ್ಲಿ ಇದೆಲ್ಲ ಕೂತರೆ, ಫ್ಯಾನ್ ಚೆನ್ನಾಗಿದ್ದರೂ ಗಾಳಿ ಆಡುವುದಿಲ್ಲ. ಅದಕ್ಕೇ ಹೊಸದು ತರುವ ಮುಂಚೆ ಒಮ್ಮೆ ಒಣ ಬ್ರಷ್ಷಿನಿಂದ ಕ್ಲೀನ್ ಮಾಡಿ. ಬ್ಲೋವರ್ ಬಳಸುವುದಾದರೆ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಗಾಳಿಯ ರಭಸಕ್ಕೆ ಅದು ಲೆಕ್ಕ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಎಣ್ಣೆ ಬಿಡಬಹುದಾ ಅಂತ ಎಲ್ಲರೂ ಕೇಳುತ್ತಾರೆ. ನಡುವಿನ ಸ್ಟಿಕ್ಕರ್ ಎತ್ತಿ ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಬಿಟ್ಟರೆ ಕೆಲವು ಫ್ಯಾನುಗಳು ಇನ್ನೊಂದಿಷ್ಟು ದಿನ ಓಡುತ್ತವೆ. ಮಕ್ಕಳ ಪರೀಕ್ಷೆ ಹತ್ತಿರ ಇದ್ದರೆ ಅಷ್ಟು ಮಾಡಿಕೊಳ್ಳಿ, ಬೇಡ ಅನ್ನುವುದಿಲ್ಲ. ಕೊಬ್ಬರಿ ಎಣ್ಣೆ ಮಾತ್ರ ಬೇಡವೇ ಬೇಡ, ಚಳಿಗೆ ಗಟ್ಟಿಯಾಗಿ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ತಗಡು ಬಿಚ್ಚಿ ಪಕ್ಕದಲ್ಲಿ ಟೇಬಲ್ ಫ್ಯಾನ್ ಇಡುವವರೂ ಇದ್ದಾರೆ. ಆ ಗಾಳಿ ಹೀಟ್ ಸಿಂಕಿನ ಒಳಗೆ ಸರಿಯಾಗಿ ಹೋಗುವುದಿಲ್ಲ, ಧೂಳು ಮಾತ್ರ ಜಾಸ್ತಿ ಹೋಗುತ್ತದೆ.

ಅಂಗಡಿಗೆ ಹೋಗುವಾಗ ಹಳೆಯದರ ಫೋಟೊ, ಮದರ್‌ಬೋರ್ಡಿನ ಮಾಡೆಲ್, ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ನಂಬರ್ ಇಟ್ಟುಕೊಂಡು ಹೋಗಿ. ಇಂಟೆಲ್ ಕೂಲರ್‌ಗಳೆಲ್ಲ (ಫ್ಯಾನ್, ಹೀಟ್ ಸಿಂಕ್ ಎರಡೂ ಸೇರಿದ್ದೇ ಕೂಲರ್) ನೋಡಲು ಒಂದೇ ಥರ, ಆದರೆ ಬೋರ್ಡಿನ ತೂತುಗಳ ಅಂತರ ಬೇರೆ. 775 ಸಾಕೆಟ್ಟಿಗೆ 72 ಮಿಲಿಮೀಟರ್, 1155, 1151, 1200ಕ್ಕೆ 75, 1700ಕ್ಕೆ 78. ಮೂರೇ ಮಿಲಿಮೀಟರ್ ಅಲ್ವಾ ಅಂತ ಒತ್ತಿ ಕೂರಿಸಲು ಹೋಗಬೇಡಿ, ಬೋರ್ಡ್ ಬಾಗುತ್ತದೆ. ನಾಲ್ಕು ಸ್ಕ್ರೂ ಬಿಚ್ಚಿದರೆ ಫ್ಯಾನ್ ಮಾತ್ರ ಕೈಗೆ ಬರುವಂತಿದ್ದರೆ ಅದೇ ಅಳತೆಯ ಫ್ಯಾನ್ ಒಂದೇ ತಂದರೆ ಸಾಕು. ಇಲ್ಲದಿದ್ದರೆ ಹೀಟ್ ಸಿಂಕ್ ಸಮೇತ ಪೂರಾ ತರುವುದೇ ಮೇಲು.

ಬಿಚ್ಚುವ ಮುಂಚೆ ಪ್ಲಗ್ ಕಿತ್ತುಬಿಡಿ, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಕಬ್ಬಿಣವನ್ನು ಒಮ್ಮೆ ಮುಟ್ಟಿ. ಇಂಟೆಲ್ಲಿನ ನಾಲ್ಕು ಪಿನ್ನುಗಳ ತಲೆಯನ್ನು ಬಾಣ ತೋರಿಸುವ ಕಡೆಗೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆಳೆದರೆ ಬಿಡುತ್ತವೆ. ಎಎಂಡಿ ಕಂಪನಿಯ, ಎಎಂ4 ಸಾಕೆಟ್ಟಿನ ಪ್ರೊಸೆಸರ್ ಇದ್ದರೆ ಹುಷಾರು. ಪ್ರೊಸೆಸರ್ ಮತ್ತು ಕೂಲರ್ ನಡುವೆ ಬಿಸಿ ದಾಟಿಸಲು ಹಚ್ಚಿರುವ ಥರ್ಮಲ್ ಪೇಸ್ಟ್ ಒಣಗಿ ಹಿಡಿದುಕೊಂಡು, ಕೂಲರ್ ಜೊತೆ ಪ್ರೊಸೆಸರ್ರೂ ಸಾಕೆಟ್ಟಿನಿಂದ ಕಿತ್ತು ಬಂದು ಅದರ ಕಾಲುಗಳು ಸೊಟ್ಟಗಾಗುತ್ತವೆ. ಕಂಪ್ಯೂಟರನ್ನು ಎರಡು ನಿಮಿಷ ಓಡಿಸಿ ಬೆಚ್ಚಗಾದ ಮೇಲೆ ಆಫ್ ಮಾಡಿ ಪ್ಲಗ್ ಕೀಳಿ. ಕೊಂಡಿ ಬಿಚ್ಚಿ, ಕೂಲರನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ತಿರುಚಿ ಎತ್ತಿ.

ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಮೆತ್ತನೆ ಬಟ್ಟೆಯಿಂದ ಪೂರ್ತಿ ಒರೆಸಿ. ಹೊಸ ಥರ್ಮಲ್ ಪೇಸ್ಟ್ ನಡುವೆ ಒಂದು ಬಟಾಣಿ ಕಾಳಿನಷ್ಟು ಸಾಕು, ಒತ್ತಿದಾಗ ತಾನೇ ಹರಡುತ್ತದೆ. ಹೊಸ ಕೂಲರಿನ ತಳದಲ್ಲಿ ಬೂದು ಬಣ್ಣದ ಪಟ್ಟಿಗಳಿದ್ದರೆ ಅದೇ ಪೇಸ್ಟ್, ಮೇಲೆ ಇನ್ನಷ್ಟು ಹಾಕಬೇಡಿ. ಟೂತ್‌ಪೇಸ್ಟ್ ಹಚ್ಚಿ ಅನ್ನುವವರ ಮಾತು ಕೇಳಬೇಡಿ, ಕೆಲವೇ ದಿನಕ್ಕೆ ಒಣಗಿ ಬಿರಿಯುತ್ತದೆ.

ಕೂರಿಸುವುದರಲ್ಲೇ ಹೆಚ್ಚಿನವರು ಎಡವುವುದು. ಪಿನ್ನಿನ ತಲೆಗಳನ್ನು ಮೊದಲು ಬಾಣದ ಎದುರು ದಿಕ್ಕಿಗೆ ತಿರುಗಿಸಿಟ್ಟುಕೊಳ್ಳಿ. ಒಂದು ಮೂಲೆ ಒತ್ತಿದ ಮೇಲೆ ಅದರ ಎದುರು ಮೂಲೆ ಒತ್ತಿ, ಆಮೇಲೆ ಉಳಿದೆರಡು. ಪ್ರತಿಯೊಂದೂ ಟಕ್ ಅನ್ನಬೇಕು. ಅನುಮಾನ ಬಂದರೆ ಬೋರ್ಡಿನ ಹಿಂಬದಿ ನೋಡಿ, ಬಿಳಿ ಕಾಲುಗಳ ನಡುವೆ ಕಪ್ಪು ಕಡ್ಡಿ ಪೂರ್ತಿ ಇಳಿದಿರಬೇಕು. ಬೋರ್ಡಿನ ಮೇಲೆ ಸಿಪಿಯು ಫ್ಯಾನ್ ಅಂತ ಬರೆದಿರುವ ನಾಲ್ಕು ಕಡ್ಡಿಯ ಜಾಗಕ್ಕೇ ವೈರ್ ಸಿಕ್ಕಿಸಿ. ಮೂರು ವೈರಿನ ಫ್ಯಾನೂ ಅಲ್ಲಿ ಕೂರುತ್ತದೆ. ಫ್ಯಾನ್ ತಿರುಗುತ್ತಿದ್ದರೂ 'ಸಿಪಿಯು ಫ್ಯಾನ್ ಎರರ್' ಬಂದರೆ ವೈರ್ ಬೇರೆ ಕಡೆ ಹೋಗಿದೆಯಾ ನೋಡಿ.

ತಗಡು ಮುಚ್ಚುವ ಮುಂಚೆ ಹಚ್ಚಿ, ವಿಂಡೋಸ್ ಶುರುವಾಗುವ ಮುಂಚೆ ಸಿಗುವ ಸೆಟ್ಟಿಂಗ್ ಪರದೆಯಾದ ಬಯಾಸ್‌ಗೆ ಹೋಗಿ ಬಿಸಿ ಎಷ್ಟಿದೆ ನೋಡಿ. 50ರ ಆಸುಪಾಸಿನಲ್ಲಿ ನಿಂತರೆ ನಮ್ಮೂರ ಏಪ್ರಿಲ್ ಸೆಕೆಗೆ ಏನೂ ತೊಂದರೆಯಿಲ್ಲ. ಏನೂ ಕೆಲಸ ಮಾಡಿಸದೆಯೇ 80 ದಾಟಿ ಏರುತ್ತಿದ್ದರೆ ಒಂದು ಪಿನ್ ಮೇಲೆದ್ದಿರಬಹುದು. ಆಫ್ ಮಾಡಿ, ಹಳೆಯ ಪೇಸ್ಟ್ ಒರೆಸಿ, ಹೊಸದು ಹಾಕಿ ಮತ್ತೆ ಕೂರಿಸಿ.